ಬೆಳಕು ಚುಚ್ಚುವ ಕಣ್ಣಿಗೆ ಬಣ್ಣದ ಕನ್ನಡಕ: ಮನೆಯೊಳಗೊಂದು, ಬಿಸಿಲಿಗೊಂದು

ನಮ್ಮದು ಸುರತ್ಕಲ್‌ನಿಂದ ಸ್ವಲ್ಪ ಒಳಗೆ ಇರುವ ಹಳೆಯ ಹೆಂಚಿನ ಮನೆ. ಅಡುಗೆಕೋಣೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಅದರಿಂದ ಇಳಿದ ಬಿಸಿಲುಕೋಲು ಕಡೆಯುವ ಕಲ್ಲಿನ ಪಕ್ಕದಲ್ಲಿ ಅಂಗೈಯಗಲ ಬಿದ್ದಿರುತ್ತಿತ್ತು. ಸುತ್ತ ಎಲ್ಲ ಮಬ್ಬು. ಮನೆಗೆ ಬಂದವರು ಅದರ ಫೋಟೊ ತೆಗೆಯುತ್ತಿದ್ದರು. ನಾನು ಆ ಹೊತ್ತಿಗೆ ಅಲ್ಲಿಗೆ ಹೋಗುವುದಾದರೆ ಗೋಡೆಯ ಕಡೆ ಮುಖ ಮಾಡಿಕೊಂಡು ಹೋಗುತ್ತಿದ್ದೆ. ಅಂಗಳದ ಇಡೀ ಬಿಸಿಲಿಗಿಂತ ಆ ಅಂಗೈಯಗಲದ ಬೆಳಕು ನನ್ನ ಕಣ್ಣಿಗೆ ಹೆಚ್ಚು ಚುಚ್ಚುತ್ತಿತ್ತು.

ಕಾರಣ ಮೈಗ್ರೇನ್. ಇಪ್ಪತ್ತು ವರ್ಷ ದಾಟಿದೆ. ಹೊಟ್ಟೆಪಾಡಿನ ಕೆಲಸ ಮಂಗಳೂರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದು: ಎದುರಿಗೆ ಬಿಳಿ ಹಾಳೆ, ಅದರಾಚೆ ಬಿಳಿ ಪರದೆ, ತಲೆಯ ಮೇಲೆ ಬಿಳಿ ಟ್ಯೂಬ್‌ಲೈಟ್. ಇದಕ್ಕಿಂತ ಒಳ್ಳೆಯ ಜೋಡಿಯನ್ನು ಜಾತಕ ನೋಡಿದರೂ ಕೂಡಿಸಲಾಗುತ್ತಿರಲಿಲ್ಲ. ಈಗ ನನ್ನ ಬಳಕೆಯಲ್ಲಿ ಮೂರು ಕನ್ನಡಕಗಳಿವೆ. ಕಪಾಟಿನ ಮೂಲೆಯಲ್ಲಿ ಐದು ಬಿದ್ದಿವೆ. ಆ ಐದಕ್ಕೆ ಸುರಿದ ದುಡ್ಡಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ದೊಡ್ಡ ತಪ್ಪು. ಕೆಲವು ವರ್ಷಗಳ ಹಿಂದೆ ಕಚೇರಿಯ ಒಳಗೂ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೂರಲು ಶುರು ಮಾಡಿದೆ. ಮೊದಲ ವಾರ ಸ್ವರ್ಗ. ಮೂರು ತಿಂಗಳಾಗುವಷ್ಟರಲ್ಲಿ ಫ್ರಿಜ್ ಬಾಗಿಲು ತೆರೆದಾಗ ಹೊತ್ತುವ ಪುಟ್ಟ ಬಲ್ಬನ್ನೂ ಸಹಿಸಲು ಆಗುತ್ತಿರಲಿಲ್ಲ. ಕಣ್ಣಿನ ಡಾಕ್ಟರರ ಎದುರು ಹೋಗಿ ಕುಳಿತಾಗ ಅವರು ನನ್ನ ಕನ್ನಡಕವನ್ನು ಕೈಗೆ ತೆಗೆದುಕೊಂಡು, "ಹಗಲಿಡೀ ಕಣ್ಣನ್ನು ಕತ್ತಲೆಯಲ್ಲಿ ಕೂರಿಸಿದ್ದೀರಿ. ಇನ್ನು ಬೆಳಕಿಗೆ ತಂದರೆ ಅದು ಬೈಯದೆ ಇರುತ್ತದೆಯೇ?" ಎಂದರು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು. ಹೊಂದಿಕೊಂಡ ಮೇಲೆ ಸಣ್ಣ ಬೆಳಕೂ ದೊಡ್ಡದಾಗಿ ಕಾಣುತ್ತದೆ. ಸಿನಿಮಾ ಮಂದಿರದಿಂದ ಮಧ್ಯಾಹ್ನ ಹೊರಗೆ ಬಂದಾಗ ಆಗುವುದು ಇದೇ. ದಿನವಿಡೀ ಕಪ್ಪು ಕನ್ನಡಕದ ಹಿಂದೆ ಕುಳಿತವರಿಗೆ ಅದು ಪ್ರತಿ ಬಾರಿ ಕನ್ನಡಕ ತೆಗೆದಾಗಲೂ ಆಗುತ್ತದೆ.

ಹಾಗಾಗಿ ಈ ಬರಹದಿಂದ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಬಿಸಿಲಿನ ಕನ್ನಡಕ ಹೊಸಿಲ ಹೊರಗೇ ಇರಲಿ. ಒಳಗಿನ ಬೆಳಕಿಗೆ ಬೇರೆಯದೇ ಲೆನ್ಸ್ ಬೇಕು, ಅದೂ ತೆಳು ಬಣ್ಣದ್ದು.

ಹೆಜ್ಜೆ 1: ಆಪ್ಟಿಕಲ್ ಅಂಗಡಿಗಿಂತ ಮೊದಲು ಕಣ್ಣಿನ ಡಾಕ್ಟರು

ಬೆಳಕು ತಡೆಯಲಾಗದಿರುವುದು ರೋಗವಲ್ಲ, ಲಕ್ಷಣ. ಹಿಂದಿರುವ ಕಾರಣ ಮೈಗ್ರೇನ್ ಆಗಿರಬಹುದು, ಕಣ್ಣು ಒಣಗುವುದಿರಬಹುದು, ಕಾರ್ನಿಯಾದ ಮೇಲಿನ ಗೀರು ಇರಬಹುದು, ಕಣ್ಣಿನ ಒಳಗಿನ ಉರಿಯೂತ ಇರಬಹುದು. ತಲೆಗೆ ಪೆಟ್ಟು ಬಿದ್ದ ಮೇಲೆ ವಾರಗಟ್ಟಲೆ ಬೆಳಕು ಆಗದಿರುವುದುಂಟು. ಪೊರೆಯ ಶಸ್ತ್ರಚಿಕಿತ್ಸೆ ಆದವರಿಗೂ ಕೆಲವು ಕಾಲ ಎಲ್ಲವೂ ಹೆಚ್ಚು ಬೆಳ್ಳಗೆ, ಹೆಚ್ಚು ನೀಲಿಯಾಗಿ ಕಾಣುತ್ತದೆ. ಹಳದಿಗಟ್ಟಿದ ಹಳೆಯ ಲೆನ್ಸ್ ಹೋಗಿ ತಿಳಿಯಾದದ್ದು ಬಂದಿರುವುದೇ ಅದಕ್ಕೆ ಕಾರಣ. ನನ್ನ ಅಮ್ಮ ಆಪರೇಷನ್ ಆದ ವಾರ, "ಅಡುಗೆಮನೆಗೆ ಸುಣ್ಣ ಬಳಿಸಿದ್ದು ಯಾವಾಗ ಮಗಳೇ?" ಎಂದು ಕೇಳಿದ್ದರು. ಗೋಡೆ ಹಳೆಯದೇ, ಕಣ್ಣು ಹೊಸದಾಗಿತ್ತು.

ಇವುಗಳಲ್ಲಿ ಕೆಲವಕ್ಕೆ ಕನ್ನಡಕವೇ ಬೇಡ, ಔಷಧಿ ಸಾಕು. ಕಣ್ಣು ಒಣಗುವವರಿಗೆ ಹನಿ ಹಾಕಿಕೊಂಡು, ಎ.ಸಿ.ಯ ಗಾಳಿ ನೇರ ಮುಖಕ್ಕೆ ಬೀಳದಂತೆ ಕುಳಿತರೆ ಬೆಳಕಿನ ಕಾಟ ಅರ್ಧ ಇಳಿಯುವುದುಂಟು. ಕರಾವಳಿಯ ಈ ಸೆಕೆಯಲ್ಲಿ ಕಣ್ಣು ಒಣಗುವುದೆಂದರೇನು ಎಂದು ನಗಬೇಡಿ. ಹೊರಗೆ ಬೆವರು ಸುರಿಯುತ್ತಿದ್ದರೂ ಒಳಗೆ ಎಂಟು ಗಂಟೆ ಎ.ಸಿ.ಯಲ್ಲಿ ಪರದೆ ನೋಡುವವರು ರೆಪ್ಪೆ ಬಡಿಯುವುದನ್ನೇ ಮರೆತಿರುತ್ತಾರೆ.

ಕೆಲವು ಲಕ್ಷಣಗಳಿದ್ದರೆ ಕನ್ನಡಕದ ಮಾತು ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದ್ದಕ್ಕಿದ್ದಂತೆ ಒಂದು ಕಣ್ಣು ಕೆಂಪಾಗಿ ನೋಯುವುದು, ದೃಷ್ಟಿ ಮಂಕಾಗುವುದು, ದೀಪದ ಸುತ್ತ ಬಣ್ಣದ ಉಂಗುರ ಕಂಡು ವಾಂತಿ ಬರುವುದು, ಜ್ವರದ ಜೊತೆಗೆ ಕುತ್ತಿಗೆ ಸೆಟೆದುಕೊಳ್ಳುವುದು, ಹಿಂದೆಂದೂ ಕಾಣದಂಥ ತಲೆನೋವು ಏಕಾಏಕಿ ಎರಗುವುದು. ವೆನ್ಲಾಕ್ ಇರಲಿ, ಮಣಿಪಾಲ ಇರಲಿ, ಹತ್ತಿರದ್ದು ಯಾವುದೋ ಅಲ್ಲಿಗೆ.

ಪರೀಕ್ಷೆಗೆ ಹೋಗುವಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಮಾಮೂಲಿ ಬೆಳಕೂ ಕಷ್ಟ. ಸ್ಕೂಟರ್ ಓಡಿಸುವ ಮಾತೇ ಇಲ್ಲ.

ಹೆಜ್ಜೆ 2: ಎರಡು ವಾರ ಒಂದು ಪುಸ್ತಕ

ಹಳೆಯ ಡೈರಿ ಸಾಕು. ಬೆಳಕು ಚುಚ್ಚಿದಾಗಲೆಲ್ಲ ಮೂರು ಸಂಗತಿ ಬರೆದಿಡಿ: ಎಲ್ಲಿದ್ದಿರಿ, ಬೆಳಕು ಯಾವ ದಿಕ್ಕಿನಿಂದ ಬಂತು, ಯಾವ ಬಗೆಯದು. ನನ್ನ ಪುಸ್ತಕದಲ್ಲಿ ಎರಡನೇ ವಾರದ ಕೊನೆಗೆ ಒಂದು ವಿಚಿತ್ರ ಹೊರಬಿತ್ತು. ಬಸ್ಸಿನಲ್ಲಿ ನೋವು ಬಂದ ದಿನಗಳೆಲ್ಲ ನಾನು ಎಡಗಡೆಯ ಸೀಟಿನಲ್ಲಿ ಕುಳಿತ ದಿನಗಳೇ. ಯೋಚಿಸಿದರೆ ಸರಳ. ಬೆಳಿಗ್ಗೆ ಸುರತ್ಕಲ್‌ನಿಂದ ಮಂಗಳೂರಿಗೆ ದಕ್ಷಿಣಕ್ಕೆ ಮುಖ ಮಾಡಿ ಹೋಗುವಾಗ ಪೂರ್ವದ ಸೂರ್ಯ ಎಡಕ್ಕೆ. ಸಂಜೆ ಉತ್ತರಕ್ಕೆ ಮರಳುವಾಗ ಕಡಲ ಕಡೆಯ ಸೂರ್ಯನೂ ಎಡಕ್ಕೆ. ಎರಡು ಹೊತ್ತೂ ಬಲಗಡೆ ಕೂರಲು ಶುರು ಮಾಡಿದೆ. ಖರ್ಚು ಸೊನ್ನೆ. ತೊಕ್ಕೊಟ್ಟು, ಉಳ್ಳಾಲದ ಕಡೆಯಿಂದ ಪೇಟೆಗೆ ಬರುವವರಿಗೆ ಲೆಕ್ಕ ತಿರುವುಮುರುವು: ಅವರು ಎಡಗಡೆ ಕೂರಬೇಕು.

ಇನ್ನೊಂದು ಬಗೆ ಮಿನುಗುವ ಬೆಳಕು. ಇಳಿಹೊತ್ತಿನಲ್ಲಿ ಅಡಿಕೆ ತೋಟದ ಬದಿಯ ರಸ್ತೆಯಲ್ಲಿ ಹೋಗುವಾಗ ಮರಗಳ ನಡುವಿನಿಂದ ಬಿಸಿಲು ಪಟಪಟನೆ ಬಡಿಯುತ್ತದಲ್ಲ, ಅದು. ಇದಕ್ಕೆ ಎಂಥ ಕನ್ನಡಕವೂ ಪೂರ್ತಿ ಪರಿಹಾರವಲ್ಲ. ಕಣ್ಣು ಮುಚ್ಚಿ ಒಂದು ಅಂಗೈ ಅಡ್ಡ ಹಿಡಿಯುವುದೇ ಸರಿ (ನೀವು ಡ್ರೈವರ್ ಅಲ್ಲದಿದ್ದರೆ).

ಹೆಜ್ಜೆ 3: ಕಣ್ಣಿಗೆ ಮೊದಲು ಕೋಣೆಗೆ ಕನ್ನಡಕ

ಒಳಗಿನ ಬೆಳಕನ್ನು ಮೂಲದಲ್ಲೇ ಪಳಗಿಸಿದರೆ ಲೆನ್ಸಿನ ಬಣ್ಣ ಎಷ್ಟು ತೆಳುವಾದರೂ ನಡೆಯುತ್ತದೆ. ಹಳೆಯ ಚೋಕಿನ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ, ಆದರೆ ಕೆಲವರ ಮಿದುಳಿಗೆ ತಿಳಿಯುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳದೂ ಇದೇ ಕಥೆ. ಮೊಬೈಲ್ ಕ್ಯಾಮೆರಾವನ್ನು ನಿಧಾನ ಚಲನೆಯ ವಿಡಿಯೊಗೆ ಇಟ್ಟು ದೀಪದ ಕಡೆ ಹಿಡಿಯಿರಿ. ಬೆಳಕು ಬಡಿದುಕೊಳ್ಳುವುದು ಅಥವಾ ಪಟ್ಟಿ ಪಟ್ಟಿಯಾಗಿ ಹರಿಯುವುದು ಕಂಡರೆ ಆ ಬಲ್ಬನ್ನು ಕೊಟ್ಟಿಗೆಗೆ ದಾನ ಮಾಡಿ. ಹಸುವಿಗೆ ಕರಡು ತಿದ್ದುವ ಕೆಲಸವಿಲ್ಲ.

ಬದಲಿಗೆ 2,700ರಿಂದ 3,000 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬ್ ತನ್ನಿ. ಅಂಕಿ ಡಬ್ಬಿಯ ಮೇಲೆ ಇರುತ್ತದೆ. ಅದನ್ನು ಗೋಡೆಗೋ ಮಾಡಿಗೋ ತಿರುಗಿಸಿ, ಮರಳಿ ಬರುವ ಬೆಳಕಿನಲ್ಲಿ ಕೆಲಸ ಮಾಡಿ. ಕಂಪ್ಯೂಟರನ್ನು ಕಿಟಕಿಗೆ ಎದುರಾಗಿಯೂ ಇಡಬೇಡಿ, ಬೆನ್ನಾಗಿಯೂ ಇಡಬೇಡಿ; ಕಿಟಕಿ ಪಕ್ಕಕ್ಕಿರಲಿ. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು ಎರಡೂ ಸಮ ಕಾಣುವವರೆಗೆ ಪರದೆಯ ಬೆಳಕು ಇಳಿಸಿ. ಕತ್ತಲೆ ಕೋಣೆಯಲ್ಲಿ ಪರದೆಯೊಂದೇ ಉರಿಯುವುದು ಕೆಟ್ಟದ್ದು. ನಮ್ಮ ಗಾಜಿನ ಹೆಂಚಿನ ಕೆಳಗೂ ತೊಂದರೆ ಅದೇ ಆಗಿತ್ತು. ಕೊನೆಗೆ ಅದರಡಿಗೆ ಒಂದು ತೆಳು ಬಿಳಿ ಬಟ್ಟೆ ಕಟ್ಟಿದೆವು. ಬೆಳಕು ಹರಡಿತು, ಕೋಲು ಮಾಯ. ಫೋಟೊ ತೆಗೆಯುವವರಿಗೆ ಬೇಸರವಾಯಿತು.

ಹೆಜ್ಜೆ 4: ಶೇಕಡಾವಾರಿನ ಗೋಜಲು ಬಿಡಿಸಿಕೊಳ್ಳಿ

ಅಂಗಡಿಗೆ ಹೋದವರೆಲ್ಲ ಕೇಳುವುದು ಬಣ್ಣ. ಕೇಳಬೇಕಾದದ್ದು ಲೆನ್ಸ್ ಎಷ್ಟು ಬೆಳಕನ್ನು ಒಳಗೆ ಬಿಡುತ್ತದೆ ಎಂಬುದನ್ನು. ಇಲ್ಲೇ ಒಂದು ಹಳ್ಳ ಇದೆ. ಅಂಗಡಿಯವರು "25 ಪರ್ಸೆಂಟ್ ಟಿಂಟ್" ಎಂದರೆ ಸಾಮಾನ್ಯವಾಗಿ 25 ಭಾಗ ತಡೆದು 75 ಭಾಗ ಬಿಡುವ ಲೆನ್ಸ್. ಆದರೆ ತಯಾರಕರ ಕಾಗದದಲ್ಲಿ 25 ಎಂದಿದ್ದರೆ ಅದು ಒಳಗೆ ಬಿಡುವ ಬೆಳಕಿನ ಅಂಕಿಯಾಗಿರಬಹುದು, ಅಂದರೆ ಮುಕ್ಕಾಲು ಕತ್ತಲೆ. ನನ್ನ ಮೂಲೆಗುಂಪಿನ ಐದರಲ್ಲಿ ಒಂದು ಹೀಗೆ ತಪ್ಪಿ ಬಂದದ್ದು. ಆರ್ಡರ್ ಕೊಡುವಾಗ "ಇದು ತಡೆಯುವ ಲೆಕ್ಕವೋ ಬಿಡುವ ಲೆಕ್ಕವೋ" ಎಂದು ಬಾಯಿಬಿಟ್ಟು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಬಿಸಿಲಿನ ಕನ್ನಡಕಗಳಿಗೆ ಐಎಸ್‌ಒ 12312-1 ಎಂಬ ಅಂತರರಾಷ್ಟ್ರೀಯ ಮಾನದಂಡ 0ಯಿಂದ 4ರವರೆಗೆ ದರ್ಜೆ ಕೊಟ್ಟಿದೆ. ಒಳಗೆ ಬಿಡುವ ಬೆಳಕಿನ ಲೆಕ್ಕದಲ್ಲಿ:

ದರ್ಜೆ 0: ಶೇ. 80ಕ್ಕಿಂತ ಹೆಚ್ಚು. ಬಹುತೇಕ ಬಣ್ಣವಿಲ್ಲದ್ದು.
ದರ್ಜೆ 1: ಶೇ. 43ರಿಂದ 80. ತೆಳು ಬಣ್ಣ.
ದರ್ಜೆ 2: ಶೇ. 18ರಿಂದ 43. ನಡುವಿನದು.
ದರ್ಜೆ 3: ಶೇ. 8ರಿಂದ 18. ನಮ್ಮ ಬಿಸಿಲಿಗೆ ಸರಿಯಾದದ್ದು.
ದರ್ಜೆ 4: ಶೇ. 3ರಿಂದ 8. ಹಿಮಪರ್ವತಕ್ಕೆ. ಇದನ್ನು ಹಾಕಿಕೊಂಡು ವಾಹನ ಓಡಿಸುವಂತಿಲ್ಲ.

ಒಳ್ಳೆಯ ಕನ್ನಡಕದ ಕಡ್ಡಿಯ ಒಳಬದಿಯಲ್ಲಿ ಈ ಅಂಕಿಯನ್ನು ಸಣ್ಣದಾಗಿ ಅಚ್ಚು ಹಾಕಿರುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ಲಕ್ಸ್ ಎಂದರೆ ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ. ಪಣಂಬೂರಿನ ಮರಳಿನ ಮೇಲೆ ನಡುಮಧ್ಯಾಹ್ನ ಬೆಳಕು ಒಂದು ಲಕ್ಷ ಲಕ್ಸ್‌ನ ಹತ್ತಿರ ಇರುತ್ತದೆ. ಕಚೇರಿಯ ಮೇಜಿನ ಮೇಲೆ 300ರಿಂದ 500. ದರ್ಜೆ 3ರ ಕನ್ನಡಕ ಶೇ. 15 ಬಿಡುತ್ತದೆ ಎಂದುಕೊಳ್ಳಿ. ಕಡಲತೀರದಲ್ಲಿ ಅದರ ಹಿಂದೆಯೂ 15,000 ಲಕ್ಸ್ ಉಳಿಯುತ್ತದೆ. ಕಚೇರಿಗಿಂತ ಎಷ್ಟೋ ಪಟ್ಟು ಹೆಚ್ಚು. ಅದೇ ಕನ್ನಡಕವನ್ನು 400 ಲಕ್ಸ್‌ನ ಕಚೇರಿಯಲ್ಲಿ ಹಾಕಿದರೆ ಉಳಿಯುವುದು 60. ಅದು ಮುಸ್ಸಂಜೆ. ಅಲ್ಲಿ ಕುಳಿತು ಮೂರು ತಿಂಗಳು ಕರಡು ತಿದ್ದಿದ ನನಗೆ ಅಲ್ಪಪ್ರಾಣ, ಮಹಾಪ್ರಾಣ ಕಾಣಿಸಿದ್ದೇ ಪುಣ್ಯ.

ಹೆಜ್ಜೆ 5: ಒಳಗಿನ ಲೆನ್ಸ್

ಒಳಗೆ ಬಣ್ಣದ ಆಯ್ಕೆ ಮುಖ್ಯವಾಗುತ್ತದೆ, ಏಕೆಂದರೆ ಇಲ್ಲಿ ನಾವು ಬೆಳಕನ್ನು ಕಡಿಮೆ ಮಾಡುತ್ತಿಲ್ಲ, ಸೋಸುತ್ತಿದ್ದೇವೆ. ನಮ್ಮ ರೆಟಿನಾದಲ್ಲಿ ನೋಡುವ ಕೆಲಸದ ಕೋಶಗಳಲ್ಲದೆ, ಬೆಳಕು ಎಷ್ಟಿದೆ ಎಂದು ಅಳೆಯುವ ಬೇರೊಂದು ಬಗೆಯ ಕೋಶಗಳೂ ಇವೆ. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ 480 ನ್ಯಾನೋಮೀಟರ್ (ಬೆಳಕಿನ ಬಣ್ಣವನ್ನು ಗುರುತಿಸುವ ತರಂಗಾಂತರದ ಅಳತೆ) ಸುತ್ತಲಿನ ನೀಲಿಗೆ ಹೆಚ್ಚು ಮಿಡಿಯುತ್ತದೆ. ದೃಷ್ಟಿ ಕಳೆದುಕೊಂಡು ಬೆಳಕಿನ ಅರಿವು ಮಾತ್ರ ಉಳಿದವರಿಗೂ ಮೈಗ್ರೇನ್ ಹೊತ್ತಿನಲ್ಲಿ ಬೆಳಕಿನಿಂದ ನೋವು ಏರುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನೋಡುವ ದಾರಿ ಬೇರೆ, ನೋಯುವ ದಾರಿ ಬೇರೆ ಎಂದಾಯಿತು.

ಈ ನೀಲಿ-ಹಸಿರು ಭಾಗವನ್ನು ಹೆಚ್ಚಾಗಿ ತಡೆಯುವ ಟಿಂಟಿನ ಹೆಸರು ಎಫ್‌ಎಲ್-41. ನೋಡಲು ಪೇರಳೆಹಣ್ಣಿನ ಒಳಗಿನ ಗುಲಾಬಿಯಂತಿರುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಟ್ಯೂಬ್‌ಲೈಟ್ ಬೆಳಕು ಆಗದವರಿಗಾಗಿ ಬಳಕೆಗೆ ಬಂದದ್ದು. 1991ರಲ್ಲಿ ಪ್ರಕಟವಾದ, ಮೈಗ್ರೇನ್ ಇದ್ದ ಮಕ್ಕಳ ಒಂದು ಸಣ್ಣ ಅಧ್ಯಯನದಲ್ಲಿ ಇದನ್ನು ಹಾಕಿಕೊಂಡವರಿಗೆ ತಿಂಗಳಿಗೆ ಸರಾಸರಿ 6.2 ಸಲ ಬರುತ್ತಿದ್ದ ತಲೆನೋವು 1.6ಕ್ಕೆ ಇಳಿದಿತ್ತು. ಸಣ್ಣ ಅಧ್ಯಯನ ಎಂಬುದನ್ನು ಮರೆಯಬೇಡಿ. ನನ್ನ ಮಟ್ಟಿಗೆ ನೋವಿನ ಸಂಖ್ಯೆ ಅಷ್ಟೇನೂ ಇಳಿದಿಲ್ಲ, ಆದರೆ ಸಂಜೆ ಐದರವರೆಗೂ ಹುಬ್ಬು ಗಂಟಿಕ್ಕದೆ ಕೂರಲು ಆಗುತ್ತದೆ. ಅದೇ ನನಗೆ ದೊಡ್ಡದು.

ಗುಲಾಬಿ ಬಣ್ಣದ್ದೆಲ್ಲ ಎಫ್‌ಎಲ್-41 ಅಲ್ಲ. ಒಂದು ಅಂಗಡಿಯಲ್ಲಿ ನನಗೆ ಸುಮ್ಮನೆ ಗುಲಾಬಿ ಬಣ್ಣದಲ್ಲಿ ಅದ್ದಿದ ಲೆನ್ಸ್ ಕೊಟ್ಟಿದ್ದರು; ಮೂಲೆಯ ಐದರಲ್ಲಿ ಅದೂ ಒಂದು. ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ದಾಟುತ್ತದೆ ಎಂಬ ಗೆರೆಚಿತ್ರ ಕೇಳಿ. ನಿಜವಾದದ್ದಾದರೆ ಗೆರೆ 480ರಿಂದ 520ರ ಆಸುಪಾಸಿನಲ್ಲಿ ಹೊಂಡಕ್ಕೆ ಬಿದ್ದಂತೆ ಇಳಿದಿರುತ್ತದೆ. ಚಿತ್ರ ಕೊಡಲು ಆಗದಿದ್ದರೆ ಅದಕ್ಕೆ ಗುಲಾಬಿ ಕನ್ನಡಕದ ಬೆಲೆ ಕೊಡಿ, ಎಫ್‌ಎಲ್-41ರ ಬೆಲೆ ಕೊಡಬೇಡಿ.

ಒಳಗೆ ದಿನವಿಡೀ ಹಾಕಲು ತೆಳುವಾದದ್ದೇ ಸಾಕು: ದರ್ಜೆ 1ರ ಒಳಗೆ, ಎದುರು ಕುಳಿತವರಿಗೆ ನಿಮ್ಮ ಕಣ್ಣು ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಅದು ಒಳಗಿನದಲ್ಲ.

ಹಸಿರಿನ ಬಗ್ಗೆಯೂ ಕೇಳಿರುತ್ತೀರಿ. 530 ನ್ಯಾನೋಮೀಟರ್ ಸುತ್ತಲಿನ ಕಿರಿದಾದ ಹಸಿರು ಬೆಳಕು ಮೈಗ್ರೇನ್ ನೋವನ್ನು ಉಳಿದ ಬಣ್ಣಗಳಷ್ಟು ಕೆರಳಿಸುವುದಿಲ್ಲ ಎಂದು 2016ರಲ್ಲಿ ವರದಿಯಾಯಿತು. ಆದರೆ ಅದು ಆ ಒಂದು ಎಳೆಯನ್ನಷ್ಟೇ ಬೀರುವ ದೀಪದ ವಿಷಯ. ಅಂಗಡಿಯ ಹಸಿರು ಲೆನ್ಸ್ ಅಕ್ಕಪಕ್ಕದ ಬಣ್ಣಗಳನ್ನೂ ಧಾರಾಳವಾಗಿ ಬಿಡುತ್ತದೆ. ನೀಲಿ ಲೆನ್ಸ್ ನಮ್ಮಂಥವರಿಗೆ ಬೇಡ. ಬೆಳಕಿನಿಂದ ಅಪಸ್ಮಾರ ಕೆರಳುವ ಕೆಲವರಿಗೆ ವಿಶೇಷ ನೀಲಿ ಲೆನ್ಸ್ ಕೊಡುವುದುಂಟು. ಅದು ನರರೋಗ ತಜ್ಞರು ತೀರ್ಮಾನಿಸುವ ವಿಷಯ.

ತಲೆಯ ಮೇಲಿನ ದೀಪ ಮಾತ್ರವೇ ತೊಂದರೆ ಎನ್ನುವವರು ಮೇಲೆ ಗಾಢ, ಕೆಳಗೆ ತಿಳಿಯಾಗುತ್ತ ಬರುವ ಲೆನ್ಸ್ ಕೇಳಿ. ಓದುವ ಭಾಗ ತಿಳಿಯಾಗಿ ಉಳಿಯುತ್ತದೆ. ಮದುವೆ ಹಾಲ್‌ಗಳ ಫೋಕಸ್ ಲೈಟಿಗೆ, ಬಯಲಾಟದ ರಂಗಸ್ಥಳದ ದೀಪಕ್ಕೆ ಇದು ಬಹಳ ಒಳ್ಳೆಯದು. ಆಟದಲ್ಲಿ ಮುಂದಿನ ಸಾಲು ಬಿಟ್ಟು ಹಿಂದೆ, ಒಂದು ಬದಿಗೆ ಕುಳಿತರೆ ಇನ್ನೂ ಒಳ್ಳೆಯದು. ಚೆಂಡೆ ಅಲ್ಲಿಗೂ ಕೇಳುತ್ತದೆ.

ಹೆಜ್ಜೆ 6: ಹೊರಗಿನ ಲೆನ್ಸ್

ಹೊರಗೆ ಮೊದಲ ಪ್ರಶ್ನೆ ನೇರಳಾತೀತ ಕಿರಣ. ಯುವಿ400 ಎಂದಿದ್ದರೆ 400 ನ್ಯಾನೋಮೀಟರ್‌ವರೆಗಿನ ಕಿರಣಗಳನ್ನು ತಡೆಯುತ್ತದೆ ಎಂದು ಅರ್ಥ. ಕಪ್ಪಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಯುವಿ ತಡೆಯದ ಕಪ್ಪು ಲೆನ್ಸ್ ಬರಿಗಣ್ಣಿಗಿಂತ ಕೆಟ್ಟದಾಗಬಹುದು, ಏಕೆಂದರೆ ಕತ್ತಲೆ ಎಂದು ಪಾಪೆ ಹಿಗ್ಗಿರುತ್ತದೆ. ಜಾತ್ರೆಯ ಸಂತೆಯಲ್ಲಿ ಮಕ್ಕಳಿಗೆ ಕೊಡಿಸುವ ಕನ್ನಡಕಗಳ ಬಗ್ಗೆ ನನ್ನ ತಕರಾರು ಇದೇ. ಕಡಲತೀರದ ಒಣ ಮರಳು ಯುವಿಯ ಸುಮಾರು ಶೇ. 15ನ್ನು, ನೊರೆ ಸುಮಾರು ಶೇ. 25ನ್ನು ಮೇಲಕ್ಕೆ ಮರಳಿಸುತ್ತದೆ. ಹಾಗಾಗಿ ಮಲ್ಪೆಯಲ್ಲಿ ಕೊಡೆ ಹಿಡಿದು ನಿಂತರೂ ಕೆಳಗಿನಿಂದ ಬರುವುದು ಬರುತ್ತದೆ.

ಬಣ್ಣದಲ್ಲಿ ಬೂದು ಎಲ್ಲ ಬಣ್ಣಗಳನ್ನೂ ಸಮನಾಗಿ ತಗ್ಗಿಸುತ್ತದೆ. ಕಂದು ನೀಲಿಯನ್ನು ಸ್ವಲ್ಪ ಹೆಚ್ಚು ತಡೆದು ಅಂಚುಗಳನ್ನು ಚುರುಕುಗೊಳಿಸುತ್ತದೆ. ನನಗೆ ಕಂದು ಇಷ್ಟ. ಎರಡೂ ಸರಿ.

ಪೋಲರಾಯ್ಡ್ ಬೇಕೇ ಎಂಬುದಕ್ಕೆ ಕರಾವಳಿಯಲ್ಲಿ ನನ್ನ ಉತ್ತರ ಹೌದು. ನೀರು, ಒದ್ದೆ ರಸ್ತೆ, ಎದುರಿನ ಕಾರಿನ ಬಾನೆಟ್ಟಿನಿಂದ ಚಿಮ್ಮುವ ಬೆಳಕು ಬಹುಪಾಲು ಅಡ್ಡಡ್ಡಲಾಗಿಯೇ ಕಂಪಿಸುತ್ತಿರುತ್ತದೆ (ಇದೇ ಧ್ರುವೀಕರಣ). ಈ ಲೆನ್ಸ್ ಅದನ್ನೇ ಆರಿಸಿ ತಡೆಯುತ್ತದೆ. ಜುಲೈಯಲ್ಲಿ ಮಳೆ ಬಿಟ್ಟು ಹತ್ತು ನಿಮಿಷಕ್ಕೆ ಬಿಸಿಲು ಬಂದಾಗ ಕೂಳೂರು ಸೇತುವೆ ದಾಟಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ: ಮೇಲೆ ಸೂರ್ಯ, ಎಡಬಲಕ್ಕೆ ಹೊಳೆ, ಕೆಳಗೆ ರಸ್ತೆಯೇ ಕನ್ನಡಿ. ಮಳೆಗಾಲ ಬಂತೆಂದು ಬಿಸಿಲಿನ ಕನ್ನಡಕವನ್ನು ಒಳಗಿಡುವವರು ಇದನ್ನು ನೆನಪಿಡಬೇಕು. ದಕ್ಕೆಯಲ್ಲಿ, ಅಳಿವೆಬಾಗಿಲಲ್ಲಿ ಗಾಳ ಹಾಕುವವರಿಗೆ ನೀರಿನೊಳಗೂ ಕಾಣುವ ಲಾಭ ಬೇರೆ. ಆದರೆ ಕೆಲವು ಮೊಬೈಲ್ ಪರದೆ, ವಾಹನದ ಮೀಟರುಗಳು ಇದರ ಮೂಲಕ ಕಪ್ಪಾಗಿ ಕಾಣುತ್ತವೆ. ಕೊಳ್ಳುವ ಮೊದಲು ನಿಮ್ಮ ಸ್ಕೂಟರಿನ ಮೇಲೆ ಕುಳಿತು ಒಮ್ಮೆ ನೋಡಿ.

ಇನ್ನು ಫ್ರೇಮು. ದುಬಾರಿ ಲೆನ್ಸನ್ನು ಪುಟ್ಟ ಚಪ್ಪಟೆ ಫ್ರೇಮಿಗೆ ಹಾಕಿಸುವುದು ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಿಟ್ಟ ಹಾಗೆ. ಹುಬ್ಬಿನ ಮೇಲಿನಿಂದ, ಕೆನ್ನೆಯ ಬದಿಯಿಂದ ನುಗ್ಗುವ ಬೆಳಕು ಚುಚ್ಚುವುದೇ ಹೆಚ್ಚು. ಮುಖಕ್ಕೆ ಬಾಗಿ ಸುತ್ತಿಕೊಳ್ಳುವ, ಅಗಲ ಕಡ್ಡಿಯ ಫ್ರೇಮ್ ಆರಿಸಿ. ಪವರ್ ಇರುವವರಿಗೆ ಕನ್ನಡಕದ ಮೇಲೆಯೇ ಹಾಕುವ ದೊಡ್ಡ ಹೊರಗನ್ನಡಕ, ಸಿಕ್ಕಿಸುವ ಕ್ಲಿಪ್ ಎರಡೂ ಇವೆ. ಮೊದಲನೆಯದು ಚೆಂದವಿಲ್ಲ, ಕೆಲಸ ಪಕ್ಕಾ. ಜೊತೆಗೆ ಅಂಚಿನ ಟೊಪ್ಪಿ ಇದ್ದರೆ ಲೆನ್ಸಿನ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಲೂಬಹುದು.

ಹೆಜ್ಜೆ 7: ತಾನೇ ಬಣ್ಣ ಬದಲಿಸುವ ಲೆನ್ಸ್ ನಂಬಬಹುದೇ?

ಅರ್ಧ ನಂಬಬಹುದು. ಫೋಟೊಕ್ರೋಮಿಕ್ ಲೆನ್ಸ್ ಕಪ್ಪಾಗುವುದು ಮುಖ್ಯವಾಗಿ ಯುವಿ ತಾಗಿದಾಗ. ಕಾರಿನ ಮುಂಗಾಜು ಯುವಿಯನ್ನು ಬಹುಪಾಲು ತಡೆಯುವುದರಿಂದ ಒಳಗೆ ಅದು ಕಪ್ಪಾಗುವುದೇ ಇಲ್ಲ. ಹೆಲ್ಮೆಟ್ಟಿನ ಪಾಲಿಕಾರ್ಬೊನೇಟ್ ಮುಖಗಾಜು ಇಳಿಸಿದಾಗಲೂ ಅಷ್ಟೇ. ಸೆಕೆ ಹೆಚ್ಚಾದಷ್ಟೂ ಅದರ ಗಾಢತೆ ಕಡಿಮೆ. ಏಪ್ರಿಲ್ ಮಧ್ಯಾಹ್ನದ ಮಂಗಳೂರಿನಲ್ಲಿ ಅದು ಚಳಿ ದೇಶದ ಜಾಹೀರಾತಿನಷ್ಟು ಕಪ್ಪಾಗಲಾರದು. ಹೊರಗಿನಿಂದ ಒಳಗೆ ಬಂದಾಗ ತಿಳಿಯಾಗಲು ಕೆಲವು ನಿಮಿಷ ಬೇಕು. ಮನೆಯಿಂದ ಅಂಗಳ, ಅಂಗಳದಿಂದ ಶಾಲೆ, ಅಂಗಡಿ ಎಂದು ನಡೆದೇ ಓಡಾಡುವವರಿಗೆ ಇದು ಅನುಕೂಲ. ವಾಹನದಲ್ಲೇ ಇರುವವರಿಗೆ ಅಲ್ಲ.

ಹೆಜ್ಜೆ 8: ಅಂಗಡಿಯಲ್ಲಿ

ಕೌಂಟರಿನ ಮೇಲೆ ಒಂದು ನೀಲಿ ಟಾರ್ಚ್ ಇರುತ್ತದೆ. ಹುಡುಗ ಅದನ್ನು ಒಂದು ಕಾರ್ಡಿನ ಮೇಲೆ ಹಿಡಿಯುತ್ತಾನೆ, ಕಾರ್ಡಿನಲ್ಲಿ ಕಲೆ ಮೂಡುತ್ತದೆ. ನೀಲಿ ಬೆಳಕು ತಡೆಯುತ್ತದೆ ಎನ್ನುವ ಬ್ಲೂ ಕಟ್ ಲೆನ್ಸ್ ಅಡ್ಡ ಹಿಡಿಯುತ್ತಾನೆ, ಕಲೆ ಮೂಡುವುದಿಲ್ಲ. "ನೋಡಿ ಮೇಡಂ!" ನನಗೂ ಮೊದಲ ಸಲ ಮಾಯಾಜಾಲದಂತೆ ಕಂಡಿತ್ತು. ಆ ಟಾರ್ಚುಗಳು ಸಾಮಾನ್ಯವಾಗಿ 405 ನ್ಯಾನೋಮೀಟರ್ ಸುತ್ತಲಿನ ನೇರಳೆ ಬೆಳಕಿನವು. ನಮ್ಮನ್ನು ಕಾಡುವ 480ರ ನೀಲಿಯ ಬಗ್ಗೆ ಆ ಆಟ ಏನನ್ನೂ ಹೇಳುವುದಿಲ್ಲ. ಪರದೆಯಿಂದಾಗುವ ಕಣ್ಣಿನ ಆಯಾಸಕ್ಕೆ ಬ್ಲೂ ಕಟ್ ಲೆನ್ಸ್ ಸಾದಾ ಲೆನ್ಸಿಗಿಂತ ಹೆಚ್ಚಿನ ಲಾಭ ಕೊಡುವಂತೆ ಕಾಣುವುದಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ವಿಮರ್ಶೆ ಹೇಳಿದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕಲಿಸಿದ್ದನ್ನು ಮಾಡುತ್ತಾನೆ.

ನೀವು ಮಾಡಬೇಕಾದ ಪರೀಕ್ಷೆಗಳು ಬೇರೆ. ಮಾದರಿ ಲೆನ್ಸ್ ಹಿಡಿದು ಮೊದಲು ಅಂಗಡಿಯ ದೀಪ ನೋಡಿ, ನಂತರ ಮೊಬೈಲಿನ ಬಿಳಿ ಪರದೆ, ನಂತರ ಬಾಗಿಲಿಗೆ ಬಂದು ರಸ್ತೆ. ಹಂಪನಕಟ್ಟೆಯ ಸಿಗ್ನಲ್ ಕಣ್ಣಳತೆಯಲ್ಲಿದ್ದರೆ ಇನ್ನೂ ಒಳ್ಳೆಯದು: ಕೆಂಪು, ಹಳದಿ, ಹಸಿರು ಮೂರೂ ಅನುಮಾನವಿಲ್ಲದೆ ಬೇರೆ ಬೇರೆ ಕಾಣಬೇಕು. ಪೋಲರಾಯ್ಡ್ ನಿಜವೇ ಎಂದು ತಿಳಿಯಲು ಎರಡು ಕನ್ನಡಕ ಒಂದರ ಮೇಲೊಂದು ಹಿಡಿದು ಒಂದನ್ನು ಕಾಲು ಸುತ್ತು ತಿರುಗಿಸಿ. ಎರಡೂ ನಿಜವಾದರೆ ನಡುವೆ ಕತ್ತಲೆ ಕವಿಯುತ್ತದೆ. ಫೋಟೊಕ್ರೋಮಿಕ್ ಆದರೆ ಅರ್ಧ ಲೆನ್ಸಿಗೆ ಕಾಗದದ ಚೂರು ಮುಚ್ಚಿ ಬಿಸಿಲಿಗೆ ಒಂದು ನಿಮಿಷ ಇಡಿ, ತೆಗೆದಾಗ ಗೆರೆ ಎದ್ದು ಕಾಣಬೇಕು. ಯುವಿ ಅಳೆಯುವ ಪುಟ್ಟ ಯಂತ್ರ ಅನೇಕ ಅಂಗಡಿಗಳಲ್ಲಿದೆ, ಸಂಕೋಚವಿಲ್ಲದೆ ಕೇಳಿ. ಕೊನೆಗೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಲೆನ್ಸಿನ ಒಳಮೈಯಲ್ಲಿ ನಿಮ್ಮ ಕಣ್ಣೇ ಕಂಡರೆ ಹಿಂಬದಿಗೆ ಪ್ರತಿಫಲನ ತಡೆಯುವ ಕೋಟಿಂಗ್ ಬೇಕು ಎಂದರ್ಥ.

ಪವರ್ ಲೆನ್ಸಿಗೆ ಟಿಂಟ್ ಹಾಕಿಸುವುದಾದರೆ ಸಿಆರ್-39 ಎಂಬ ಸಾಮಾನ್ಯ ಪ್ಲಾಸ್ಟಿಕ್ ಬಣ್ಣವನ್ನು ಸುಲಭವಾಗಿ ಹೀರುತ್ತದೆ, ಆದರೆ ಯುವಿ ರಕ್ಷಣೆಯನ್ನು ಬೇರೆ ಕೇಳಿ ಹಾಕಿಸಬೇಕು. ಪಾಲಿಕಾರ್ಬೊನೇಟ್ ಯುವಿಯನ್ನು ತಾನೇ ತಡೆಯುತ್ತದೆ, ಪೆಟ್ಟಿಗೂ ಗಟ್ಟಿ, ಬಣ್ಣ ಹಿಡಿಯಲು ಮಾತ್ರ ಹಟಮಾರಿ.

ರಾತ್ರಿ ವಾಹನ ಓಡಿಸುವವರಿಗೆ

ಶೇ. 75ಕ್ಕಿಂತ ಕಡಿಮೆ ಬೆಳಕು ಬಿಡುವ ಲೆನ್ಸ್ ಮುಸ್ಸಂಜೆಗೂ ರಾತ್ರಿಗೂ ಬೇಡ. ಕಾರಿನ ಗಾಜೂ ತನ್ನ ಪಾಲನ್ನು ಮುರಿದುಕೊಂಡೇ ಕೊಡುತ್ತದೆ: ನಮ್ಮ ನಿಯಮದಂತೆ ಮುಂದಿನ ಗಾಜು ಕನಿಷ್ಠ ಶೇ. 70, ಪಕ್ಕದ್ದು ಕನಿಷ್ಠ ಶೇ. 50 ಬಿಡಬೇಕು. ಶೇ. 50ರ ಪಕ್ಕದ ಗಾಜಿನಿಂದ ಶೇ. 60ರ ಗುಲಾಬಿ ಲೆನ್ಸ್ ಹಾಕಿ ನೋಡಿದರೆ ಕಣ್ಣಿಗೆ ತಲುಪುವುದು ಶೇ. 30. ಕಪ್ಪು ಬಟ್ಟೆ ತೊಟ್ಟು ರಸ್ತೆ ದಾಟುವವರು ಅದರಲ್ಲಿ ಕಾಣುವುದಿಲ್ಲ. "ನೈಟ್ ಡ್ರೈವಿಂಗ್" ಎಂದು ಮಾರುವ ಹಳದಿ ಕನ್ನಡಕದಿಂದಲೂ ಎದುರಿನ ಲಾರಿಯ ದೀಪ ತಣ್ಣಗಾಗುವುದಿಲ್ಲ. ಮುಂಗಾಜಿನ ಒಳಬದಿಯನ್ನು ಒರೆಸಿ, ಕನ್ನಡಕದ ಗೀರು ಪರೀಕ್ಷಿಸಿ. ಮೈಗ್ರೇನ್ ಶುರುವಾದ ರಾತ್ರಿ ಬೇರೆಯವರು ಓಡಿಸಲಿ.

ಹೆಜ್ಜೆ 9: ತಂದ ಮೇಲೆ

ನನ್ನ ಹಾಗೆ ಈಗಾಗಲೇ ಒಳಗೆ ಕಪ್ಪು ಕನ್ನಡಕಕ್ಕೆ ಒಗ್ಗಿಕೊಂಡವರು ಒಮ್ಮೆಲೇ ಬಿಡಲು ಹೋಗಬೇಡಿ, ನೋವು ತಿರುಗಿ ಹೊಡೆಯುತ್ತದೆ. ನಾನು ಮೊದಲು ಊಟದ ಹೊತ್ತಿನ ಅರ್ಧ ಗಂಟೆ ಮಾತ್ರ ತೆಳು ಲೆನ್ಸಿಗೆ ಬದಲಾಯಿಸಿದೆ. ಮುಂದಿನ ವಾರ ಒಂದು ಗಂಟೆ. ಹೀಗೆ ಏರಿಸುತ್ತ ಎರಡೂವರೆ ತಿಂಗಳಲ್ಲಿ ಕಪ್ಪು ಕನ್ನಡಕ ಚೀಲಕ್ಕೆ ಹೋಯಿತು. ನಡುವೆ ಎರಡು ಸಲ ಹಿಂದೆ ಸರಿದದ್ದೂ ಇದೆ. ನೋವಿಲ್ಲದ ದಿನ ಮನೆಯೊಳಗೆ ಗುಲಾಬಿಯದನ್ನೂ ತೆಗೆದಿಡುತ್ತೇನೆ.

ಉಪ್ಪುಗಾಳಿಯ ಊರಿನಲ್ಲಿ ಲೆನ್ಸಿನ ಮೇಲೆ ಕಣ್ಣಿಗೆ ಕಾಣದ ಹರಳು ಕೂರುತ್ತದೆ. ಸೀರೆಯ ಸೆರಗಿನಲ್ಲೋ ಲುಂಗಿಯ ಅಂಚಿನಲ್ಲೋ ಒಣಗಿದ್ದಾಗಲೇ ಒರೆಸಿದರೆ ಆ ಹರಳೇ ಗೀರು ಎಳೆಯುತ್ತದೆ. ಮೊದಲು ನಲ್ಲಿಯ ನೀರಿನಲ್ಲಿ ತೊಳೆದು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಚ್ಚಿ, ಮತ್ತೆ ತೊಳೆದು, ಆಮೇಲೆ ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಬಿಸಿಲಿಗೆ ನಿಂತ ಕಾರಿನ ಡ್ಯಾಷ್‌ಬೋರ್ಡ್ ಮೇಲೆ, ಸ್ಕೂಟರ್ ಸೀಟಿನ ಕೆಳಗೆ ಇಡಬೇಡಿ. ಕಾವಿಗೆ ಕೋಟಿಂಗ್ ಬಿರುಕು ಬಿಡುತ್ತದೆ. ನನ್ನ ಐದನೆಯದು ಹಾಗೆ ಹೋಯಿತು.